ಗುಂಡಿಮಗ್ಗ ಮತ್ತು ಪೂರಾ ಮುದ್ದೆ

ವನಜಾ,

ನೀನು ಸ್ಕೂಲಿಂದ ಬರುವ ಹೊತ್ತಿಗೆ ನಾನು ಬಚ್ಚಪ್ಪ ಮಾವನ ಮನೆಯಲ್ಲಿರುತ್ತೇನೆ. ನಮ್ಮ ಬೀದಿಯಲ್ಲಿ ಪವರ್‌ಲೂಮ್ ಬಾರದೆ ಗುಂಡಿಮಗ್ಗ ಉಳಿದಿರುವುದು ಅಲ್ಲೊಂದೇ. ಊರೆಲ್ಲ ಹುಡುಕಬೇಡ.

ನನಗೆಂದು ನೀನು ಮುಚ್ಚಿಟ್ಟು ಹೋದ ಅರ್ಧ ಮುದ್ದೆಯನ್ನು ನಾನು ಹಸುವಿಗೆ ಹಾಕಿದೆ. ಅದಕ್ಕೂ ಸಾಲಲಿಲ್ಲ. ಬಂದ ತಕ್ಷಣ ಅದಕ್ಕೆ ನೀರಿಡು.

ಆ ಹೊಸ ಡಾಕ್ಟರು ನನ್ನ ಹೊಟ್ಟೆ ಮುಟ್ಟಿ, "ಯಜಮಾನ್ರೇ, ತೂಕ ಇಳಿಸಿ, ಇಲ್ದಿದ್ರೆ ಜಾಸ್ತಿ ದಿನ ಇರಲ್ಲ" ಅಂದರು. ನೀನೂ ತಲೆಯಾಡಿಸಿದೆ. ಹೋದ ವರ್ಷ ನನಗೂ ಪಕ್ಕದ ಮನೆ ಸೀನಪ್ಪನಿಗೂ ಒಟ್ಟಿಗೇ ಟೈಫಾಯಿಡ್ ಬಂದಿದ್ದು ಮರೆತೆಯಾ? ಅವನು ಕಡ್ಡಿಯಂತಿದ್ದ. ಜ್ವರಕ್ಕೆ ತಿನ್ನಲು ಅವನ ಮೈಯಲ್ಲಿ ಏನೂ ಇರಲಿಲ್ಲ, ಪಾಪ, ಅವನನ್ನೇ ತಿಂದುಬಿಟ್ಟಿತು. ನನ್ನ ಹೊಟ್ಟೆಯನ್ನು ತಿಂದು ತಿಂದು ಜ್ವರಕ್ಕೇ ಸಾಕಾಗಿಹೋಯಿತು. ಆ ಹೊಟ್ಟೆಯನ್ನೇ ಈಗ ಕರಗಿಸು ಅನ್ನುತ್ತೀಯ!

ನಿನ್ನ ಅವ್ವ ಹೋದಮೇಲೆ ನಿನಗೆ ಭಯ, ಗೊತ್ತು. ಹಾಗಂತ ನನ್ನನ್ನು ಉಪವಾಸ ಕೂರಿಸಬೇಡ.

ತಕ್ಕಡಿಯ ಮಾತು ಬಿಡು. ನೇಕಾರನನ್ನು ಅಳೆಯಬೇಕಾದ್ದು ಮಗ್ಗದ ಗುಂಡಿ. ಅದರೊಳಗೆ ಕಾಲು ಇಳಿಬಿಟ್ಟು ಕೂತವನು ನೆಲಕ್ಕೆ ಕೈಯೂರದೆ ಮೇಲೆದ್ದು ಬಂದರೆ, ನಮ್ಮಲ್ಲಿ ಅವನನ್ನು ಯಾರೂ ಮುದುಕ ಅನ್ನುವುದಿಲ್ಲ. ಇವತ್ತು ಮಧ್ಯಾಹ್ನವೆಲ್ಲ ಅಲ್ಲಿ ಕೂತು ನೇಯುತ್ತೇನೆ. ಸಾಯಂಕಾಲ ನೀನೇ ಬಂದು ಎದುರಿಗೆ ನಿಂತು ನೋಡು. ಕೈಯೂರಿದೆನೋ, ನಾಳೆಯಿಂದ ನೀನು ಹಾಕಿದಷ್ಟೇ ತಿನ್ನುತ್ತೇನೆ, ತುಟಿ ಬಿಚ್ಚುವುದಿಲ್ಲ.

ಬರುವ ಮುಂಚೆ ರಾಗಿಹಿಟ್ಟು ತೆಗೆದಿಟ್ಟು ಬಾ. ಪೂರಾ ಮುದ್ದೆಗೆ ಆಗುವಷ್ಟು.

ನಿನ್ನಪ್ಪ