ಕೊಟ್ರೇಶನ ಹಳದಿ ತಂತಿ

೧೪ ಜುಲೈ, ಸೋಮವಾರ

ಕೊಟ್ರೇಶನಿಗೆ ಹೇಳಲಿಲ್ಲ.

ಕಾಲೇಜಿನಲ್ಲಿದ್ದಾಗ ಕಂಪ್ಯೂಟರಿನಿಂದ ಮಾತು ಹೊರಡಿಸಲು ಇಬ್ಬರೂ ಸೇರಿ ಮಾಡಿದ್ದ ಪೆಟ್ಟಿಗೆಯನ್ನು ಬೆಳಿಗ್ಗೆ ಬಿಚ್ಚಿದೆ. ವೈರಿಂಗ್ ಅವನದು, ಪ್ರೋಗ್ರಾಂ ನನ್ನದು. ಪ್ರದರ್ಶನದ ದಿನ ಅದು ತೊದಲಿದಾಗ ಎಲ್ಲರೆದುರು ಅವನ ಬೆಸುಗೆಯನ್ನು ದೂರಿದ್ದೆ. ಅವನು ಮತ್ತೆ ಆ ಕೆಲಸ ಮುಟ್ಟಲಿಲ್ಲ. ಶಿಕಾರಿಪುರದಲ್ಲಿ ಮೆಕ್ಕೆಜೋಳದ ಮಂಡಿ ಹಾಕಿದ.

ಮೂವತ್ತೈದು ವರ್ಷವಾದರೂ ಅವನ ಒಂದು ಬೆಸುಗೆಯೂ ಸಡಿಲವಾಗಿಲ್ಲ. ಪೆಟ್ಟಿಗೆಯ ಚಿಪ್ ಒಂದು ಧ್ವನಿಯನ್ನು ಮುಗಿಸಿದೆಯೆಂದು ಕಂಪ್ಯೂಟರಿಗೆ ತಿಳಿಸಲು ಅವನು ಹಳದಿ ತಂತಿಯೊಂದನ್ನು ಎಳೆದಿದ್ದ. ನನ್ನ ಪ್ರೋಗ್ರಾಂ ಅದಕ್ಕೆ ಕಾಯದೆ ಮುಂದಿನ ಧ್ವನಿಯನ್ನು ತಳ್ಳುತ್ತಿತ್ತು. ಕಾಯಲು ಎರಡು ಸಾಲು ಸೇರಿಸಿದೆ. ಸ್ಪಷ್ಟವಾಗಿ ‘ನಮಸ್ಕಾರ’ ಎಂದಿತು.

ಸಂಜೆ ಅವನ ಮಂಡಿಗೆ ಹೋಗಿ, ಪೆಟ್ಟಿಗೆ ಮಾತಾಡಿತು ಎಂದೆ.

“ಹೌದೇನೋ! ನಾ ಎಲ್ಲಿ ಕೆಡಿಸಿಟ್ಟಿದ್ನೋ ಮಾರಾಯ, ಸಿಕ್ತಾ?” ಎಂದು ನಕ್ಕ.

“ಹ್ಞೂಂ, ಸಿಕ್ತು.”

ಖುಷಿಯಾಗಿ ಚಹಾ ತರಿಸಿದ. ಕುಡಿದೆ ಕೂಡ.