ಹಿಡಿದ ಪಟ್ಟು ಬಿಡದವರು

ಮನೆಯಿಂದ,
ಗುರುವಾರ, ಊಟ ಮುಗಿಸಿದ ಮೇಲೆ

ಮಗನೇ,

‘ಪ್ರೀತಿಯ’ ಎಂದು ಬರೆದು ಆಮೇಲೆ ಹೊಡೆದು ಹಾಕಿದ್ದೇನೆ. ಗುರುತು ಕಾಣುತ್ತಿದ್ದರೆ ಕಾಣಲಿ.

ಆರೋಗ್ಯವಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯಾ, ಇಲ್ಲ ಆ ಪ್ರಯೋಗಾಲಯದ ಫ್ರಿಜ್ಜುಗಳ ನಡುವೆ ನಿಂತುಕೊಂಡು ಬಿಸ್ಕತ್ತು ತಿಂದು ದಿನ ದೂಡುತ್ತಿದ್ದೀಯಾ? ನನ್ನ ಮಂಡಿ ಎಂದಿನಂತೆ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ಬಿಪಿ ಮಾತ್ರೆಗೆ ಬಗ್ಗಿದೆ, ಅಂದರೆ ಸೋಮವಾರದವರೆಗೆ ಬಗ್ಗಿತ್ತು. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆಯುವುದು ವಾಡಿಕೆ, ಆದರೆ ಈ ಸಲ ಆ ಸಾಲು ನನ್ನ ಕೈಯಲ್ಲಿ ಬರುವುದಿಲ್ಲ. ಫೋನಿನಲ್ಲೇ ಬೈಯೋಣವೆಂದರೆ ಸೋಮವಾರದಿಂದ ನೀನು ಫೋನ್ ಎತ್ತುತ್ತಿಲ್ಲ, ಎತ್ತಿದರೂ ನಾನು ಎರಡು ಮಾತಾಡುವಷ್ಟರಲ್ಲಿ ನಿನಗೊಂದು ಮೀಟಿಂಗು ಹುಟ್ಟಿಕೊಳ್ಳುತ್ತದೆ. ಕಾಗದದ ಮಧ್ಯೆ ಬಾಯಿ ಹಾಕಲು ನಿನಗೆ ಆಗುವುದಿಲ್ಲ. ಪೂರ್ತಿ ಓದು.

ಆ ಭಾಷಣದ ವಿಡಿಯೋ ಕಳಿಸಿದವನು ನೀನೇ, “ಪುರುಸೊತ್ತಾದಾಗ ನೋಡಮ್ಮಾ” ಅಂತ. ಪುರುಸೊತ್ತಾಗುವವರೆಗೆ ಕಾಯುವ ಹೆಂಗಸೇ ನಾನು? ಸೋಮವಾರ ಸಂಜೆಯೇ ಕೆಳಗಿನ ಮೆಡಿಕಲ್ ಶಾಪಿನವರನ್ನೂ ಅವರ ಹೆಂಡತಿಯನ್ನೂ ಕರೆದು, ಇರುವ ಕುರ್ಚಿಗಳನ್ನೆಲ್ಲ ಟಿವಿ ಮುಂದೆ ಹಾಕಿ, ನನ್ನ ಮಗ ಎಂಥೆಂಥವರ ಎದುರು ಮಾತಾಡುತ್ತಾನೆ ನೋಡಿ ಎಂದು ಬೀಗಿದೆ. ಚೆನ್ನಾಗಿಯೇ ಮಾತಾಡಿದೆ, ಇಲ್ಲವೆನ್ನುವುದಿಲ್ಲ. ಜೀನಿನಲ್ಲಿರುವ ಮಾತನ್ನು ನಕಲು ಮಾಡಿಕೊಂಡು ಹೊರಡುವುದು ಆರ್‌ಎನ್‌ಎ, ಆ ನಕಲುಗಳನ್ನು ಕತ್ತರಿಸಿ ಜೋಡಿಸಿ ಸರಿಮಾಡುವುದು ಒಂದು ಪ್ರೋಟೀನು. ನೀನು ಬೆನ್ನು ಹತ್ತಿರುವ ಈ ಸ್ನಾಯುರೋಗದಲ್ಲಿ ಮೂರೇ ಅಕ್ಷರದ ಒಂದು ಪದ ನಕಲಿನಲ್ಲಿ ನೂರಾರು ಸಲ ಬಂದುಬಿಡುತ್ತದೆ, ಶಾಲೆಯಲ್ಲಿ ನಾನು ತುಂಟರಿಗೆ ಒಂದೇ ಪದ ಬರೆಯಲು ಕೊಡುತ್ತಿದ್ದ ಶಿಕ್ಷೆಯ ಹಾಗೆ. ಆ ಉದ್ದದ ನಕಲು ಪ್ರೋಟೀನನ್ನು ಹಿಡಿದುಕೊಂಡರೆ ಮತ್ತೆ ಬಿಡುವುದಿಲ್ಲ. ಬೇರೆ ಕಡೆ ಅದು ಮಾಡಬೇಕಾದ ಕೆಲಸವೆಲ್ಲ ಕೆಟ್ಟು, ಸ್ನಾಯು ಬಿಗಿಯುತ್ತದೆ, ಹೃದಯ ತಾಳ ತಪ್ಪುತ್ತದೆ. ಮೆಡಿಕಲ್ ಶಾಪಿನವರು ತಲೆದೂಗಿದರು. ನಾನು ಅವರಿಗಿಂತ ಜಾಸ್ತಿ ತಲೆದೂಗಿದೆ.

ಆಮೇಲೆ ಪರದೆಯ ಮೇಲೆ ಒಂದು ಕೈ ಬಂತು. ಮುಖವಿಲ್ಲ, ಹೆಸರಿಲ್ಲ, ‘ಒಬ್ಬ ರೋಗಿ’ ಎಂದೆ. ಉಗುರಿನ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಆಯಿಲಿನ ಕಪ್ಪು, ಮಣಿಕಟ್ಟಿನ ಮೇಲೆ ಸೈಲೆನ್ಸರ್ ಸುಟ್ಟ ಕಲೆ. ಒಂದು ಜೀವಮಾನ ಆ ಕೈಗೆ ತಟ್ಟೆ ಕೊಟ್ಟವಳಿಗೆ ಮುಖ ಬೇರೆ ಬೇಕೇನೋ? ಹಿಡಿದ ಸ್ಪ್ಯಾನರನ್ನು ನಿನ್ನಪ್ಪ ಬಿಡಲು ನೋಡುತ್ತಾರೆ, ಬೆರಳು ಬಿಚ್ಚುವುದಿಲ್ಲ, ಕೊನೆಗೆ ಒಂದೊಂದಾಗಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತವೆ. ಒಂದು ಸಲ ರಜಕ್ಕೆ ಬಂದಾಗ ಗ್ಯಾರೇಜಿನಲ್ಲಿ ನೀನು ಫೋನಿನಲ್ಲಿ ತೆಗೆದದ್ದು. ಯಾಕೋ ಇದನ್ನೆಲ್ಲ ತೆಗೀತೀಯ ಎಂದು ಅವರು ಕೇಳಿದರೆ, ಸುಮ್ನೆ ಅಪ್ಪಾ ಅಂದಿದ್ದೆ. ಗ್ಯಾರೇಜಿನಲ್ಲಿ ಅವರಿಗೆ ‘ಪಟ್ಟು ಮೇಸ್ತ್ರಿ’ ಎಂದೇ ಹೆಸರು. ಹಿಡಿದ ಪಟ್ಟು ಬಿಡದ ಮನುಷ್ಯ, ಸ್ಪ್ಯಾನರನ್ನೂ ಬಿಡಲ್ಲ ಎಂದು ಎಲ್ಲರೂ ನಗುತ್ತಿದ್ದರು, ಅವರೂ ನಗುತ್ತಿದ್ದರು, ಮನೆಯಲ್ಲಿ ನಾವೂ ನಗುತ್ತಿದ್ದೆವು. ರೋಗವನ್ನು ಹಠ ಎಂದುಕೊಂಡು ಬದುಕಿದ ಮನೆ ನಮ್ಮದು. ತಟ್ಟೆಯ ಮುಂದೆ ಕೂತಲ್ಲೇ ಅವರ ಎದೆ ನಿಂತಾಗಲೂ ಹಾರ್ಟ್ ಅಟ್ಯಾಕ್ ಎಂದಷ್ಟೇ ಹೇಳಿದರು. ಆಗ ನಿನಗೂ ಪೂರ್ತಿ ತಿಳಿದಿರಲಿಲ್ಲ, ಅದಕ್ಕೆ ನಾನು ಬೈಯುತ್ತಿಲ್ಲ. ನಿನ್ನ ಭಾಷಣಕ್ಕೆ ‘ಹಿಡಿದ ಪಟ್ಟು ಬಿಡದ ಆರ್‌ಎನ್‌ಎ’ ಎಂದು ಹೆಸರಿಟ್ಟು, ನಮ್ಮ ಮನೆಯ ತಮಾಷೆಯಿಂದ ಸಭೆಯನ್ನು ನಗಿಸಿದ್ದೂ ಹಾಳಾಗಿ ಹೋಗಲಿ. ಅವರಿದ್ದಿದ್ದರೆ ಮೊದಲು ಅವರೇ ನಗುತ್ತಿದ್ದರು.

ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದರ ಮುಂದಿನ ವಂಶವೃಕ್ಷದ ಚಿತ್ರದಿಂದ. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ರೋಗವಿದ್ದರೆ ಒಳಗೆಲ್ಲ ಕಪ್ಪು, ತೀರಿಕೊಂಡಿದ್ದರೆ ಅಡ್ಡಗೆರೆ ಎಂದು ತೋರಿಸಿದೆ. ಅಡ್ಡಗೆರೆ ಎಳೆದ ಕಪ್ಪು ಚೌಕ ನಿನ್ನಪ್ಪ. ಪಕ್ಕದ ಬಿಳಿ ವೃತ್ತ ನಾನು. ಕೆಳಗೆ ಇಬ್ಬರು ಮಕ್ಕಳು, ಅದರಲ್ಲಿ ಹೆಣ್ಣಿನ ವೃತ್ತ ಕಪ್ಪು. ಇಂಥ ತಾಯಿಯಿಂದ ಮಗುವಿಗೆ ಹೋಗುವಾಗ ಆ ಪದ ಇನ್ನೂ ಉದ್ದವಾಗಬಹುದು, ಮಗುವಿಗೆ ಹುಟ್ಟುವಾಗಲೇ ಉಸಿರಾಟ ಕಷ್ಟವಾಗಬಹುದು ಎಂದು, ನಾಳೆ ಮೋಡ ಕವಿದ ವಾತಾವರಣ ಎನ್ನುವವರ ದನಿಯಲ್ಲಿ ಹೇಳಿ, ಒಂದು ಗುಟುಕು ನೀರು ಕುಡಿದು ಮುಂದಕ್ಕೆ ಹೋದೆ. ಆ ವೃತ್ತ ನಿನ್ನ ತಂಗಿ ಕಣೋ. ಐದು ತಿಂಗಳ ಬಸುರಿ. ಅವಳು ಅವತ್ತು ಇನ್ನೂ ಕೆಲಸದಿಂದ ಬಂದಿರಲಿಲ್ಲ, ನನ್ನ ಪಕ್ಕದಲ್ಲಿ ಕೂತಿರಲಿಲ್ಲ ಎಂಬುದೊಂದೇ ಪುಣ್ಯ. ಟಿವಿ ಆರಿಸಿಬಿಟ್ಟೆ. ಮೆಡಿಕಲ್ ಶಾಪಿನವರು ನನ್ನ ಮುಖ ನೋಡಿ ಹೆಂಡತಿಯನ್ನು ಎಬ್ಬಿಸಿಕೊಂಡು ಕೆಳಗಿಳಿದರು.

ಕೂಡಲೇ ಫೋನ್ ಮಾಡಿದೆ. ನೀನು ಸುಳ್ಳು ಹೇಳಲಿಲ್ಲ, ಅಷ್ಟರಮಟ್ಟಿಗೆ ನನ್ನ ಮಗನೇ. ಆದರೆ ಹೇಳಿದ್ದೇನು? “ಅಮ್ಮಾ, ಅದು ರಿಸರ್ಚಿಗೆ ಕೊಟ್ಟ ರಕ್ತ. ರಿಸಲ್ಟನ್ನ ಮನೆಯೋರಿಗೆ ಹೇಳೋ ಹಾಗಿಲ್ಲ, ರೂಲ್ಸ್ ಇದೆ.” ತುಂಬಿದ ಸಭೆಗೆ ಹೇಳಬಹುದು, ಒಡಹುಟ್ಟಿದವಳಿಗೆ ಹೇಳಬಾರದು, ಇದ್ಯಾವ ಸೀಮೆ ರೂಲ್ಸೋ? ಊರಿಗೆ ಉಪಕಾರಿ, ಮನೆಗೆ ಮಾರಿ ಎನ್ನುವ ಗಾದೆಯನ್ನು ನಿನ್ನಂಥವರನ್ನು ನೋಡಿಯೇ ಮಾಡಿರಬೇಕು. ನಮ್ಮ ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ ಅವಳ ರಕ್ತ ತೆಗೆದೆ. ಅಣ್ಣನ ಓದಿಗೆ ಆಗುತ್ತೆ ಅಂದ್ರೆ ಇನ್ನೊಂದು ಬಾಟ್ಲಿ ತಗೋ ಎಂದು ತೋಳು ಚಾಚಿದವಳು ಅವಳು. ಫಾರಂ ಓದಿಯೇ ಸಹಿ ಹಾಕಿದ್ದಾಳೆ ಎಂದು ನನಗೆ ಪಾಠ ಹೇಳುತ್ತೀಯಾ? ಅವಳು ನಿನ್ನ ಮುಖ ನೋಡಿ ಸಹಿ ಹಾಕಿದಳೋ ಮಾರಾಯ. ಬಸುರಿಯಾದ ಸುದ್ದಿ ಹೇಳಿದಾಗ ಫೋನಿನಲ್ಲಿ ಒಂದು ಕೆಂಪು ಹೃದಯದ ಚಿತ್ರ ಕಳಿಸಿದೆಯಲ್ಲ, ಅವತ್ತು ನಿನಗೆ ಎಲ್ಲ ಗೊತ್ತಿತ್ತು. ಹನ್ನೆರಡು ವರ್ಷದಿಂದ, ಹಿಡಿದದ್ದನ್ನು ಆ ಆರ್‌ಎನ್‌ಎ ಹೇಗೆ ಬಿಟ್ಟೀತು ಎಂದು ಔಷಧ ಹುಡುಕುತ್ತಿದ್ದೀಯಂತೆ. ಮೊದಲು ನಿನ್ನ ಬಾಯಿಯ ಬೀಗಕ್ಕೆ ಒಂದು ಔಷಧ ಹುಡುಕು.

ಸೋಮವಾರದಿಂದ ನಾನು ಅವಳ ಕೈಯನ್ನೇ ನೋಡುತ್ತಿದ್ದೇನೆ. ಬಕೆಟ್ಟು ಕೆಳಗಿಟ್ಟ ಮೇಲೂ ಹಿಡಿಕೆಯಿಂದ ಬೆರಳು ಬಿಡಲು ತಡವಾಗುತ್ತದೆ. ಅಪ್ಪನ ಪಟ್ಟು ಕಣಮ್ಮಾ ಎಂದು ನಗುತ್ತಾಳೆ. ನಾನು ಒಲೆ ಕಡೆ ತಿರುಗಿಕೊಂಡು ಇಲ್ಲದ ಕೆಲಸ ಮಾಡುತ್ತೇನೆ. ಮುಂದಿನ ಬುಧವಾರ ಅವಳಿಗೆ ಆಸ್ಪತ್ರೆಯಲ್ಲಿ ತಪಾಸಣೆ. ಆ ಡಾಕ್ಟರಮ್ಮನಿಗೆ ಇದು ಗೊತ್ತಾಗಬೇಕು. ಅವಳ ಎದೆ ನೋಡಬೇಕು, ಹೆರಿಗೆಗೆ ಅರಿವಳಿಕೆ ಕೊಡುವುದಾದರೆ ಮೊದಲೇ ಯೋಚಿಸಬೇಕು, ಮಗುವನ್ನು ನೋಡಿಕೊಳ್ಳುವವರು ಸಿದ್ಧವಿರಬೇಕು. ಎಲ್ಲಕ್ಕಿಂತ ಮೊದಲು ಅವಳಿಗೆ ಗೊತ್ತಾಗಬೇಕು, ಹೊಟ್ಟೆಯಲ್ಲಿರುವುದು ಅವಳ ಮಗು. ನಾನೇ ಹೇಳಿದರೆ ಅರ್ಧ ಅಳು, ಅರ್ಧ ತಪ್ಪು. ಏನು ಮಾಡಬಹುದು, ಏನು ಆಗದೆಯೂ ಇರಬಹುದು ಎಂಬುದೆಲ್ಲ ನಿನಗೆ ಗೊತ್ತು. ಭಾನುವಾರ ಬಂದು, ಅವಳ ಎದುರು ಕೂತು, ನಿನ್ನ ಬಾಯಿಂದಲೇ ಹೇಳು. ಆ ರೂಲ್ಸ್ ಮಾಡಿದ ನಿನ್ನ ಕಮಿಟಿಯವರು ಗದರಿದರೆ ನನ್ನ ನಂಬರ್ ಕೊಡು, ಅವರಿಗೂ ನಾಲ್ಕು ಮಾತು ಇಟ್ಟಿದ್ದೇನೆ.

ಬೈದ ಬಾಯಲ್ಲೇ ಹರಸಬೇಕು, ತಾಯಿಗೆ ಬೇರೆ ಬಾಯಿ ಕೊಟ್ಟಿಲ್ಲ. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ಬುದ್ಧಿ ಅದಕ್ಕಿಂತ ಗಟ್ಟಿಯಾಗಲಿ.

ಇಂತಿ,
ನಿನ್ನನ್ನೂ ಅವಳನ್ನೂ ಹೆತ್ತವಳು

ವಿ.ಸೂ.: ಅಂಟಿಸಿದ ಲಕೋಟೆ ಹರಿದು ಬರೆಯುತ್ತಿದ್ದೇನೆ. ನಿನ್ನ ತಂಗಿ ಅರ್ಧ ದಿನ ರಜೆ ಹಾಕಿ ಬಂದಳು. ನನ್ನ ಮುಖ ಸರಿಯಿಲ್ಲವೆಂದು ನನ್ನ ಫೋನ್ ತಡಕಿ, ನಿನ್ನ ಭಾಷಣವನ್ನು ನಿನ್ನೆಯೇ ನೋಡಿದ್ದಾಳೆ. ಅಪ್ಪನ ಕೈ ಅವಳಿಗೆ ಗೊತ್ತಾಗದೆ ಇರುತ್ತದೆಯೇ? ಅಳುವಷ್ಟು ಅತ್ತು, ಬೆಳಿಗ್ಗೆಯೇ ಡಾಕ್ಟರಮ್ಮನಿಗೆ ತಾನೇ ಎಲ್ಲ ಹೇಳಿ ಬಂದಿದ್ದಾಳೆ. ಆಮೇಲೆ ನನ್ನನ್ನು ಕೂರಿಸಿ, ನಾನು ನೋಡದೆ ಬಿಟ್ಟ ಕೊನೆಯ ಭಾಗ ತೋರಿಸಿದಳು. ಸಭೆಯ ಅಧ್ಯಕ್ಷರು ನಿನ್ನ ಕೈ ಕುಲುಕುತ್ತಾರೆ. ಅವರು ಬಿಟ್ಟರು, ನೀನು ಬಿಡಲಿಲ್ಲ. ನಗುತ್ತಾ ಎಡಗೈಯಿಂದ ನಿನ್ನ ಬಲಗೈ ಬೆರಳುಗಳನ್ನು ಬಿಡಿಸಿಕೊಂಡೆ. ಚಿತ್ರದಲ್ಲಿ ನಿನ್ನ ಚೌಕವನ್ನು ಬೆಳ್ಳಗೆ ಬಿಟ್ಟಿದ್ದೀಯಲ್ಲ, ನಿನ್ನ ರಕ್ತವನ್ನು ಯಾರೋ ನೋಡಿದವರು? “ಬೈದಿದ್ದು ಸಾಕು, ಅಣ್ಣಂಗೆ ಬರೋಕೆ ಹೇಳು. ಇಬ್ರೂ ಒಟ್ಟಿಗೆ ಎದೆ ತೋರಿಸ್ಕೋತೀವಿ” ಎಂದು ನನ್ನ ಬೆನ್ನಿಗೇ ನಿಂತಿದ್ದಾಳೆ. ಭಾನುವಾರದವರೆಗೆ ಕಾಯಬೇಡ, ಕೊರಿಯರಿನಲ್ಲಿ ಕಳಿಸುತ್ತಿದ್ದೇನೆ, ಇದು ನಾಳೆ ಕೈಗೆ ಬಂದ ಕೂಡಲೇ ಹೊರಡು. ಒಬ್ಬನೇ ಕಾರು ಓಡಿಸಿಕೊಂಡು ಬರಬೇಡ ಮಗನೇ, ರೈಲಿನಲ್ಲಿ ಬಾ.