ತೊಳೆದು ತಂದ ಡಬ್ಬಗಳು

ಮಾವಯ್ಯಾ,

ಅಲ್ಲಿಯೂ ಬೆಳಕು ಹರಿಯುವ ಮೊದಲೇ ಎದ್ದು ಎಲ್ಲರ ನಿದ್ದೆ ಕೆಡಿಸುತ್ತಿದ್ದೀರಾ? ಬೆಹಾಲಾದ ನಿಮ್ಮ ಹೋಟೆಲಿನಲ್ಲಿ ಈಗ ಹಾಗೆ ಕೂಗುವವರಿಲ್ಲ. ಸೊಸೆ ನಾನು ಕೂಗಬಹುದು, ಆದರೆ ಯಾರಿಗೆಂದು...

ನಾನು ಉಡುಪಿಯಿಂದ ಮದುವೆಯಾಗಿ ಬಂದ ಹೊಸತು. ಎದುರುಮನೆಯ ಬಂಗಾಳಿ ಚಿಕ್ಕಮ್ಮ, ನಮ್ಮೆಲ್ಲರ ಮಾಶಿಮಾ, ಬಟ್ಟಲಲ್ಲಿ ಪಾಯಸ ಕೊಟ್ಟಿದ್ದರು. ಬಟ್ಟಲು ತೊಳೆದು ವಾಪಸು ಕೊಡಲು ಹೊರಟವಳನ್ನು ನೀವು ಬಾಗಿಲಲ್ಲೇ ತಡೆದಿರಿ. "ಖಾಲಿ ಕೊಡ್ಲಿಕ್ಕುಂಟಾ ಮಾರಾಯ್ತಿ? ಒಂದು ಹಿಡಿ ಸಕ್ಕರೆ ಆದ್ರೂ ಹಾಕು." ಅಂದಿನಿಂದ ಆ ರಸ್ತೆ ದಾಟಿದ ಒಂದು ಪಾತ್ರೆಯೂ ಖಾಲಿ ಹೋಗಲಿಲ್ಲ, ಖಾಲಿ ಬರಲೂ ಇಲ್ಲ. ಇದಕ್ಕೆ ಕೊನೆಯೇ ಇಲ್ಲವೇ ಎಂದು ನಾನು ಗೊಣಗುತ್ತಿದ್ದೆ.

ನೀವು ಕಣ್ಣು ಮುಚ್ಚಿದ ಮೇಲೆ ನಿಮ್ಮ ಮಗ ಹೋಟೆಲನ್ನು ಮನೆಮನೆಗೆ ಊಟ ತಲುಪಿಸುವ ಕಂಪನಿಗೆ ಸೇರಿಸಿದರು. ಬೈಯಬೇಡಿ. ಗಿರಾಕಿಗಳೆಲ್ಲ ಫೋನಿನೊಳಗೆ ಹೋಗಿಬಿಟ್ಟರೆ ಅವರಾದರೂ ಏನು ಮಾಡಬೇಕು? ಮೊದಲು ಮೇಜುಗಳು ಹೋದವು. ಆಮೇಲೆ, ಹೊರಗಿನವರ ಪಾತ್ರೆಗೆ ಏನೂ ಹಾಕಬಾರದು, ಎಲ್ಲವೂ ಸೀಲ್ ಮಾಡಿದ ಡಬ್ಬದಲ್ಲೇ ಹೋಗಬೇಕು ಎಂದು ಕಂಪನಿಯವನೊಬ್ಬ ಬಂದು ನಯವಾಗಿ ಹೇಳಿದ. ಶುಚಿತ್ವವಂತೆ! ಲೋಟಗಳನ್ನು ಕುದಿನೀರಲ್ಲಿ ಅದ್ದಿ ತೆಗೆಯುತ್ತಿದ್ದ ನಿಮಗೆ ಅದನ್ನು ಕೇಳಿಸಬೇಕಿತ್ತು. ಈಗ ಒಂದು ವಡೆಗೂ ಒಂದು ಡಬ್ಬ, ಕೈಯಲ್ಲಿ ತಿನ್ನುವವರಿಗೂ ಚಮಚ. ಸಂಜೆಗೆ ಅವೆಲ್ಲ ಚರಂಡಿಯಲ್ಲಿರುತ್ತವೆ. ಮಳೆ ಬಂದರೆ ಆ ನೀರು ನಮ್ಮ ಹೊಸ್ತಿಲಿಗೇ ಬರುತ್ತದೆ.

ಮಾಶಿಮಾಗೂ ಈಗ ಪುಣೆಯಲ್ಲಿರುವ ಮಗನೇ ಫೋನಿನಲ್ಲಿ ನಮ್ಮ ತಿಂಡಿ ತರಿಸಿಕೊಡುವುದು. ನಮ್ಮ ಇಡ್ಲಿ ಬೈಕ್ ಹತ್ತಿ, ಏಕಮುಖ ರಸ್ತೆಯೆಂದು ಸುತ್ತು ಹಾಕಿ ಎದುರುಮನೆ ಸೇರುತ್ತದೆ. ನಗಬೇಕೋ ಅಳಬೇಕೋ ಹೇಳಿ.

ಈ ಸಲ ದುರ್ಗಾಪೂಜೆ ಮುಗಿದು ದಶಮಿಯ ಮರುದಿನ ಮಾಶಿಮಾ ತಾವೇ ಬಂದರು, ಎರಡೂ ಕೈಯಲ್ಲಿ ಭಾರದ ಚೀಲ. ಒಳಗೆ ನಾವು ಕಳಿಸಿದ ಪ್ಲಾಸ್ಟಿಕ್ ಡಬ್ಬಗಳು. ಎಲ್ಲವನ್ನೂ ತೊಳೆದು, ಒಣಗಿಸಿ, ಮುಚ್ಚಳ ಹೊಂದಿಸಿದ್ದರು. ಪ್ರತಿಯೊಂದರಲ್ಲೂ ಅವರು ಕೈಯಾರೆ ಕಟ್ಟಿದ ತೆಂಗಿನಕಾಯಿ ಉಂಡೆ.

"ಇಷ್ಟು ದಿನ ನನ್ನ ಹತ್ತಿರವೇ ಉಳಿದುಬಿಟ್ಟಿತು, ಬೌಮಾ. ಪಾತ್ರೆ ಸಾಲದೆ ನಿಮಗೆ ಕಷ್ಟ ಆಗಿರಬೇಕು" ಎಂದರು. ಅವರಿಗೆ ನಾನು ಇಂದಿಗೂ ಬೌಮಾ, ಮನೆಯ ಸೊಸೆ.

ಇವು ವಾಪಸು ಕೊಡುವ ಪಾತ್ರೆಗಳಲ್ಲ ಎಂದು ಯಾವ ಬಾಯಲ್ಲಿ ಹೇಳಲಿ? ಹೌದು ಮಾಶಿಮಾ, ಸ್ವಲ್ಪ ಕಷ್ಟವೇ ಆಗಿತ್ತು ಎಂದೆ. ಅವರು ಹೋದ ಮೇಲೆ ಉಂಡೆಗಳನ್ನು ನಿಮ್ಮ ಸ್ಟೀಲ್ ಡಬ್ಬಕ್ಕೆ ಸುರಿದುಕೊಂಡೆ. ಬಳಸಿದ ಡಬ್ಬವನ್ನು ಮತ್ತೆ ಬಳಸುವಂತಿಲ್ಲ, ಅದೂ ಕಂಪನಿಯ ನಿಯಮ. ನಿಮ್ಮ ಮಗ ಎಲ್ಲವನ್ನೂ ಹೊರಗೆ ಎಸೆದು ಬಂದರು. ನನಗೆ ಅಳು ತಡೆಯಲಾಗಲಿಲ್ಲ.

ಇನ್ನೊಂದು ಸುದ್ದಿ. ಬರುವ ತಿಂಗಳು ಈ ಹೋಟೆಲು ಖಾಲಿ ಮಾಡುತ್ತೇವೆ. ಊರಿನ ಇನ್ನೊಂದು ಕಡೆ, ಕಸ್ಬಾದಲ್ಲಿ, ಕಂಪನಿಯದೊಂದು ಶೆಡ್ಡಿದೆ, ಹತ್ತಾರು ಹೋಟೆಲಿನವರು ಅಲ್ಲೇ ಬೇಯಿಸುತ್ತಾರೆ, ಇನ್ನು ನಾವೂ ಅಲ್ಲೇ. ಗಿರಾಕಿ ಒಳಗೆ ಬರಲು ಅದಕ್ಕೊಂದು ಬಾಗಿಲೂ ಇಲ್ಲ. ಮಾಶಿಮಾಗೆ ಇದನ್ನು ಹೇಳುವ ಧೈರ್ಯ ನನಗೆ ಬಂದಿಲ್ಲ.

ಕೊನೆಯ ದಿನ ಗೋಳಿಬಜೆ ಕರಿದು, ನಿಮ್ಮ ಸ್ಟೀಲ್ ಡಬ್ಬ ತುಂಬಿಸಿ, ನಾನೇ ರಸ್ತೆ ದಾಟಿ ಕೊಟ್ಟು ಬರುತ್ತೇನೆ. ಮಾತು ಕೊಟ್ಟೆ ಮಾವಯ್ಯಾ. ಆದರೆ ಅವರಿಗೂ ಖಾಲಿ ಕೊಟ್ಟು ಗೊತ್ತಿಲ್ಲವಲ್ಲ. ತೊಳೆದು, ಏನಾದರೂ ತುಂಬಿಸಿಕೊಂಡು, ಮೆಲ್ಲಗೆ ನಡೆದು ಬರುತ್ತಾರೆ. ಆಗ ಇಲ್ಲಿ ಶಟರ್ ಇಳಿದಿರುತ್ತದೆ.